ಗಮಕಕ್ಕೆ ಕಾಲ ಎಲ್ಲಿಂದ ಬಂತು?

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ ಊರಿನ ಹೆಸರಿಗೆ ‘ಕ್ಯಾಂಪ್’ ಎಂಬ ಮಾತು ಅಂಟಿಕೊಂಡಿದ್ದರೆ ಅದು ಬಹುಮಟ್ಟಿಗೆ ತುಂಗಭದ್ರೆಯ ನೀರು ಬಂದ ಮೇಲೆ ಹುಟ್ಟಿದ ಊರು. 1953ರಲ್ಲಿ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿಯತೊಡಗಿದಾಗ ಆಂಧ್ರದಿಂದ ರೈತರು ಬಂದು ಭತ್ತದ ಗದ್ದೆ ಮಾಡಿದರು, ಕ್ಯಾಂಪು ಕಟ್ಟಿದರು, ರಾಮನ ಗುಡಿ ಎಬ್ಬಿಸಿದರು. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇದೇ ಸೀಮೆಯಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಆ ಪುನರ್ವಸತಿ ಕಾಲೊನಿಗಳೇ ಇವತ್ತಿನ ಆರ್.ಎಚ್. ಕ್ಯಾಂಪುಗಳು. ಅಲ್ಲಿಯವರಲ್ಲಿ ಹೆಚ್ಚಿನವರು ನಾಮಶೂದ್ರ ಸಮುದಾಯದವರು. ಬರುವಾಗ ಹೊತ್ತು ತರಲು ಸಾಧ್ಯವಾದ ಆಸ್ತಿಯಲ್ಲಿ ದುರ್ಗಾಪೂಜೆಯೂ ಹರಿನಾಮದ ಕೀರ್ತನೆಯೂ ಇದ್ದವು.

ಹೀಗಾಗಿ ಕೆಲವೇ ಮೈಲಿಗಳ ಒಳಗೆ ತೆಲುಗಿನ ರಾಮಭಜನೆ, ಕನ್ನಡದ ದಾಸರ ಪದ ಮತ್ತು ವಚನ, ಬಂಗಾಳಿಯ ಕೀರ್ತನೆ ಮೂರಕ್ಕೂ ಜಾಗವಿರುವ ನೆಲ ಇದು. ಭಾಷೆ ಬೇರೆ, ವಾದ್ಯ ಬೇರೆ. ಒಂದು ಕಡೆ ತಬಲಾ, ಇನ್ನೊಂದು ಕಡೆ ಮಣ್ಣಿನ ಒಡಲಿನ ಖೋಲ್. ಆದರೂ ಮೂರರಲ್ಲೂ ಒಂದು ಗಳಿಗೆ ಸಮಾನವಾಗಿ ಬರುತ್ತದೆ. ಹಾಡುವವರು ‘ಹರಿ’ ಎಂಬ ಎರಡಕ್ಷರದ ಮೇಲೆ ಒಂದಿಷ್ಟು ತಂಗಿ, ಸ್ವರವನ್ನು ಅಲುಗಿಸಿ, ಮೇಲಿನ ಸ್ವರವನ್ನು ತಾಕಿ ಇಳಿದು, ತಾಳದ ಪೆಟ್ಟಿಗೆ ಸರಿಯಾಗಿ ಬಂದು ಸೇರುತ್ತಾರೆ. ಗಮಕವೆಂಬ ಆ ಅಲುಗಾಟಕ್ಕೆ ಸಾಹಿತ್ಯದಲ್ಲಿ ಬೇರೆ ಅಕ್ಷರವಿಲ್ಲ, ತಾಳದಲ್ಲಿ ಬೇರೆ ಎಣಿಕೆಯಿಲ್ಲ. ಹಾಗಾದರೆ ಅದಕ್ಕೆ ತಗುಲಿದ ಕಾಲ ಯಾರ ಪಾಲಿನದು? ದೇವರ ಹೆಸರಿಗೆ ಸಲ್ಲಬೇಕಾದುದರಲ್ಲಿ ಹಾಡುಗಾರ ತನ್ನ ಕಂಠಕ್ಕೆಂದು ಒಂದು ಪಾಲು ತೆಗೆದನೇ, ಅಥವಾ ಆ ಹೆಸರಿಗೇ ಇನ್ನಷ್ಟು ಸಮಯ ದೊರಕಿಸಿಕೊಟ್ಟನೇ?

ಈ ಪ್ರಶ್ನೆ ಹೊಸದಲ್ಲ. ಸಿಂಧನೂರಿನಿಂದ ಲಿಂಗಸುಗೂರಿನ ದಾರಿ ಹಿಡಿದರೆ ನಡುವೆ ಮಸ್ಕಿ ಸಿಗುತ್ತದೆ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ ಶಾಸನ ಇರುವುದು ಅಲ್ಲಿಯ ಬಂಡೆಯ ಮೇಲೆ. ತಾನು ಬುದ್ಧನ ಉಪಾಸಕನಾದುದನ್ನೂ ಸಂಘದ ಹತ್ತಿರಕ್ಕೆ ಹೋದುದನ್ನೂ ಅದರಲ್ಲಿ ಅರಸ ಹೇಳಿಕೊಳ್ಳುತ್ತಾನೆ. ಆ ಸಂಘದ ನಡವಳಿಕೆಯನ್ನು ಕಟ್ಟಿಕೊಡುವ ವಿನಯಪಿಟಕದ ಚುಲ್ಲವಗ್ಗದಲ್ಲಿ ಹಾಡಿಕೆಯ ಬಗ್ಗೆ ಖಡಾಖಂಡಿತವಾದ ಕಟ್ಟಳೆಯೊಂದಿದೆ. ಕೆಲವು ಭಿಕ್ಷುಗಳು ಧರ್ಮವನ್ನು ಉದ್ದಕ್ಕೆ ಎಳೆದು, ರಾಗವಾಗಿ ಹಾಡುತ್ತಿದ್ದರೆಂಬ ದೂರು ಬಂದಾಗ ಬುದ್ಧ ಅದನ್ನು ನಿಷೇಧಿಸಿ ಐದು ಕಾರಣ ಕೊಡುತ್ತಾನೆ. ಹಾಡುವವನಿಗೆ ತನ್ನ ದನಿಯ ಮೇಲೆಯೇ ಮೋಹ ಹುಟ್ಟುತ್ತದೆ. ಕೇಳುವವರಿಗೂ ಹುಟ್ಟುತ್ತದೆ. ಗೃಹಸ್ಥರು ಆಡಿಕೊಳ್ಳುತ್ತಾರೆ. ಸ್ವರವನ್ನು ತಿದ್ದುವ ಹವಣಿಕೆಯಲ್ಲಿ ಸಮಾಧಿ ಕೆಡುತ್ತದೆ. ಮುಂದೆ ಬರುವವರು ಇದನ್ನೇ ಮಾದರಿಯಾಗಿ ಹಿಡಿಯುತ್ತಾರೆ. ನಾಲ್ಕನೆಯ ಕಾರಣವನ್ನು ಹಾಡು ಕಲಿತವರು ಯಾರೂ ತಳ್ಳಿಹಾಕಲಾರರು. ಗಮಕ ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂದು ಹುಡುಕುವ ಮನಸ್ಸಿಗೆ ಬೇರೆ ಯಾವುದಕ್ಕೂ ಬಿಡುವಿರುವುದಿಲ್ಲ. ಕ್ರೈಸ್ತ ಸಂತ ಅಗಸ್ಟೀನನೂ ತನ್ನ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಇದೇ ತೊಡಕನ್ನು ಬಿಚ್ಚಿಡುತ್ತಾನೆ. ಹಾಡಿದ ವಿಷಯಕ್ಕಿಂತ ಹಾಡಿಕೆಯೇ ಮನಸ್ಸನ್ನು ಹೆಚ್ಚು ಕಲಕಿದರೆ ಅದನ್ನು ಪಾಪವೆಂದೇ ಎಣಿಸುತ್ತಾನೆ. ಎಣಿಸಿಯೂ, ಹಾಡನ್ನು ಚರ್ಚಿನಿಂದ ಹೊರಗೆ ಹಾಕಲು ಅವನಿಗೆ ಮನಸ್ಸು ಬರುವುದಿಲ್ಲ.

ಕನ್ನಡದ ಭಕ್ತರು ಈ ತೊಡಕನ್ನು ಇನ್ನೂ ಹತ್ತಿರದಿಂದ ಕಂಡವರು. ತನಗೆ ತಾಳದ ಲೆಕ್ಕ ತಿಳಿಯದು, ಛಂದಸ್ಸಿನ ಗಣಗಳೂ ತಿಳಿಯವು, ಒಲುಮೆ ನಡೆಸಿದಂತೆ ಹಾಡುವೆ ಎಂಬ ಅರ್ಥದ ವಚನ ಬಸವಣ್ಣನವರದು. ಆದರೆ ಅದೇ ಬಸವಣ್ಣನವರು ಇನ್ನೊಂದು ವಚನದಲ್ಲಿ ತಮ್ಮ ಮೈಯನ್ನೇ ವಾದ್ಯ ಮಾಡಿಕೊಂಡು ನುಡಿಸೆಂದು ಕೂಡಲಸಂಗಮನನ್ನು ಬೇಡುವಾಗ ವಾದ್ಯದ ಒಂದೊಂದು ಅಂಗವನ್ನೂ ಹೆಸರಿಸುತ್ತಾರೆ, ಮೂವತ್ತೆರಡು ರಾಗಗಳ ಮಾತೆತ್ತುತ್ತಾರೆ. ಸಂಗೀತ ತಿಳಿಯದವರ ಮಾತು ಅದಲ್ಲ. ತಿಳಿದವರು ತಿಳಿವಿನ ಹಮ್ಮನ್ನು ಕೆಳಗಿಟ್ಟ ಮಾತು. ಪುರಂದರದಾಸರಲ್ಲೂ ಎರಡು ದನಿ ಇವೆ. ಒಂದು ಪದದಲ್ಲಿ ಹಾಡಿಗೆ ತಾಳ, ಹೊಂದುವ ಮೇಳ, ತಕ್ಕ ಹೊತ್ತು, ಕೇಳುವ ಮನಸ್ಸಿನವರು ಎಲ್ಲ ಕೂಡಬೇಕೆಂದು ಪಟ್ಟಿ ಕೊಡುತ್ತಾರೆ. ಮತ್ತೊಂದರಲ್ಲಿ, ಅವೆಲ್ಲ ಇದ್ದು ಪ್ರೇಮವೊಂದು ಇಲ್ಲದ ಗಾನಕ್ಕೆ ಹರಿ ಕಿವಿಗೊಡುವುದಿಲ್ಲ ಎನ್ನುತ್ತಾರೆ. ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಹಾಕಿಕೊಟ್ಟವರೆಂದು ಪರಂಪರೆ ನಂಬುವ ಗುರುವೇ ಹೀಗೆ ಎರಡನ್ನೂ ಹೇಳಿರುವುದನ್ನು ವಿರೋಧವೆಂದು ಓದಬೇಕಾಗಿಲ್ಲ. ತಾಳ ಬೇಕು; ತಾಳವೊಂದೇ ಸಾಲದು. ಉಳಿಯುವ ಪ್ರಶ್ನೆ ಗಮಕದ್ದು. ಅದು ಮೇಳದ ಕಡೆಗೆ ಸೇರಿದ್ದೋ, ಪ್ರೇಮದ ಕಡೆಗೋ?

ಉತ್ತರಕ್ಕೆ ಮೊದಲು ಗಮಕ ಹೇಗೆ ನಡೆಯುತ್ತದೆಂದು ನೋಡಬೇಕು. ಭಕ್ತಿಯ ಮಾತು ಬಂದ ಕೂಡಲೇ ಕಸುಬಿನ ಮಾತನ್ನು ಪಕ್ಕಕ್ಕೆ ಸರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅದರಿಂದ ಭಕ್ತಿಗೂ ನಷ್ಟ, ಕಸುಬಿಗೂ ನಷ್ಟ.

13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಸ್ಥಾನದಲ್ಲಿ ಶಾರ್ಙ್ಗದೇವನೆಂಬ ಅಧಿಕಾರಿಯಿದ್ದ. ಕಾಶ್ಮೀರದಿಂದ ದಕ್ಷಿಣಕ್ಕೆ ಬಂದ ಮನೆತನ ಅವನದು. ಕೆಲಸ ರಾಜ್ಯದ ಲೆಕ್ಕಪತ್ರದ್ದು. ಅವನು ಬರೆದ ‘ಸಂಗೀತ ರತ್ನಾಕರ’ ಉತ್ತರಾದಿಗೂ ದಕ್ಷಿಣಾದಿಗೂ ಸಮಾನ ಆಧಾರ. 15ನೇ ಶತಮಾನದಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ಸಿಂಧನೂರಿನ ನೆರೆಯವನೆಂದೇ ಹೇಳಬಹುದು. ಆ ಗ್ರಂಥದಲ್ಲಿ ಹದಿನೈದು ಗಮಕಗಳಿವೆ. ಲೆಕ್ಕದ ಅಧಿಕಾರಿ ಅವುಗಳಲ್ಲಿ ಹಲವನ್ನು ಆಕಾರದಿಂದಲ್ಲ, ಕಾಲದಿಂದ ಬೇರ್ಪಡಿಸಿದ್ದಾನೆ. ಐದು ಹ್ರಸ್ವಾಕ್ಷರ ನುಡಿಯುವ ಹೊತ್ತು ಒಂದು ಲಘು, ಅದರರ್ಧ ದ್ರುತ. ದ್ರುತದ ಕಾಲುಭಾಗದಲ್ಲಿ ಸ್ವರ ಅಲುಗಿದರೆ ತಿರಿಪ, ಮೂರನೆಯ ಒಂದು ಭಾಗದಲ್ಲಾದರೆ ಸ್ಫುರಿತ, ಅರ್ಧದಲ್ಲಾದರೆ ಕಂಪಿತ, ಇಡೀ ದ್ರುತದಲ್ಲಾದರೆ ಲೀನ. ಒಂದು ಲಘು ಹಿಡಿದರೆ ಆಂದೋಲಿತ. ಮೂರು ಲಘುಗಳ ಪ್ಲುತದಷ್ಟು ಎಳೆದರೆ ಪ್ಲಾವಿತ. ಗುಣಿಸಿ ನೋಡಿದರೆ ತಿರಿಪಕ್ಕೂ ಪ್ಲಾವಿತಕ್ಕೂ ಇರುವ ಅಂತರ 24 ಪಟ್ಟು. ಮೊದಲನೆಯದು ಒಂದು ಅಕ್ಷರ ಉಚ್ಚರಿಸುವಷ್ಟೂ ಇಲ್ಲ, ಕೊನೆಯದರಲ್ಲಿ ಹದಿನೈದು ಅಕ್ಷರ ನುಡಿಯಬಹುದು.

ಇಷ್ಟು ನಿಖರವಾಗಿ ಅಳೆದವನೇ ಗಮಕವೆಂದರೆ ಕೇಳುವವನ ಚಿತ್ತಕ್ಕೆ ಸುಖ ಕೊಡುವ ಸ್ವರದ ನಡುಕ ಎಂದೂ ಹೇಳಿದ್ದಾನೆ. ಅಳತೆಯೂ ಸುಖವೂ ಅವನಿಗೆ ಬೇರೆ ಬೇರೆ ಖಾತೆಗಳಾಗಿರಲಿಲ್ಲ.

ಇವತ್ತಿಗೂ ಮಕ್ಕಳಿಗೆ ಗಮಕ ಹತ್ತುವುದು ಜಂಟಿ ವರಸೆಯಲ್ಲಿ. ಸಸ ರಿರಿ ಗಗ ಎಂದು ಏರುವಾಗ ಜೋಡಿಯ ಎರಡನೆಯ ಸ್ವರಕ್ಕೆ ಕೆಳಗಿನ ಸ್ವರವನ್ನು ತಾಕಿ ಒತ್ತು ಕೊಡಬೇಕು. ಎರಡನೆಯ ರಿಷಭ ಷಡ್ಜವನ್ನು ಮುಟ್ಟಿ ಪುಟಿದೇಳುತ್ತದೆ. ಮುಟ್ಟುವ ಆ ಷಡ್ಜಕ್ಕೆ ಸಮಯ ಎಲ್ಲಿಂದ? ಮೊದಲ ರಿಷಭದಿಂದ ಕಸಿದರೆ ಅದು ಮೊಟಕಾಗಿ ವರಸೆ ಕುಂಟುತ್ತದೆ. ಎರಡನೆಯ ರಿಷಭ ತನ್ನ ಪಾಲಿನಿಂದಲೇ ಕೊಡಬೇಕು. ಗಮಕದ ಕಾಲವನ್ನು ಅದು ಅಲಂಕರಿಸುವ ಸ್ವರವೇ ಭರಿಸಬೇಕೆಂಬ ಈ ಪಾಠವನ್ನು ಯಾವ ಗುರುವೂ ಬಾಯಿಬಿಟ್ಟು ಹೇಳುವುದಿಲ್ಲ. ಮಗುವಿನ ಕೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸುತ್ತಾರೆ. ಉಳಿದದ್ದು ತಾನಾಗಿ ಮೈಗೆ ಇಳಿಯುತ್ತದೆ.

ಮುಂದಿನ ಮೆಟ್ಟಿಲು ಕಂಪಿತ. ತೋಡಿ ರಾಗದ ಗಾಂಧಾರವನ್ನು ಅಲುಗಿಸದೆ ನೇರವಾಗಿ ಹಿಡಿದರೆ ಅಲ್ಲಿ ತೋಡಿಯೇ ಇರುವುದಿಲ್ಲ. ಹೊಸಬರು ಇಲ್ಲಿ ಎಡವುವುದು ವೇಗದಲ್ಲಿ. ಮೊದಲ ಕಾಲದಲ್ಲಿ ಎರಡು ಮೂರು ಸಲ ತೂಗಿದ ಗಾಂಧಾರವನ್ನು ಎರಡನೆಯ ಕಾಲದಲ್ಲೂ ಅಷ್ಟೇ ಸಲ, ಆದರೆ ದುಪ್ಪಟ್ಟು ಬಿರುಸಿನಲ್ಲಿ ಅಲ್ಲಾಡಿಸಲು ಹೋಗುತ್ತಾರೆ. ಆಗ ಹೊರಡುವುದು ಗಂಟಲ ನಡುಕ, ಗಮಕವಲ್ಲ. ಲಯ ಏರಿದಂತೆ ತೂಗಾಟದ ಸಂಖ್ಯೆ ಇಳಿಯಬೇಕು: ಮೂರರ ಜಾಗದಲ್ಲಿ ಒಂದು, ಕೊನೆಗೆ ತಾಕಿ ಬಂದಷ್ಟೇ. ಅಭ್ಯಾಸದ ಕ್ರಮವೂ ಇದರಿಂದಲೇ ಹುಟ್ಟುತ್ತದೆ. ಮೊದಲು ಸ್ವರವನ್ನು ತಂಬೂರಿಗೆ ಸೇರಿಸಿ ಅಲುಗದಂತೆ ನಿಲ್ಲಿಸುವುದು. ಆಮೇಲೆ ಗಮಕ ಮುಟ್ಟುವ ಎರಡು ತುದಿಗಳನ್ನು ಬಿಡಿಬಿಡಿಯಾಗಿ ಹಾಡಿ ಗಟ್ಟಿ ಮಾಡಿಕೊಳ್ಳುವುದು. ನಂತರವಷ್ಟೇ ನಿಧಾನ ಲಯದಲ್ಲಿ, ಕೈಯ ತಾಳ ಬಿಡದೆ, ಎರಡನ್ನೂ ಬೆಸೆಯುವುದು. ನಿಲ್ಲಲು ಬಾರದ ಸ್ವರಕ್ಕೆ ಅಲುಗುವ ಅರ್ಹತೆಯಿಲ್ಲ ಎಂಬುದನ್ನು ಗುರುಗಳು ಬೈಗುಳದಂತೆ ಹೇಳಿದರೂ ಅದರಲ್ಲಿ ತತ್ತ್ವವಿದೆ.

ರಾಯಚೂರು ಸೀಮೆಯ ಕಿವಿ ಹೆಚ್ಚು ಪಳಗಿರುವುದು ಹಿಂದೂಸ್ತಾನಿಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ತಯಾರು ಮಾಡಿದ ಗವಾಯಿಗಳು ಈ ಭಾಗದ ಮಠ ಮಾನ್ಯಗಳಲ್ಲಿ ಪುರಾಣ ಪ್ರವಚನಕ್ಕೆ ದನಿಯಾದರು. ಸಿದ್ಧರಾಮ ಜಂಬಲದಿನ್ನಿ ಅವರು ಇದೇ ಜಿಲ್ಲೆಯ ಹೆಸರನ್ನು ವಚನ ಗಾಯನದಲ್ಲಿ ನಾಡಿನುದ್ದಕ್ಕೂ ಒಯ್ದರು. ಪುಟ್ಟರಾಜರೂ ಅವರ ಗುರುವೂ ಕಣ್ಣಿಲ್ಲದವರು. ಬರಹದ ಸ್ವರಲಿಪಿಯ ಹಂಗಿಲ್ಲದೆ, ಕಿವಿಯಿಂದ ಕಿವಿಗೆ ದಾಟಿದ ವಿದ್ಯೆ ಅದು. ಗಮಕಕ್ಕೆ ಇದಕ್ಕಿಂತ ತಕ್ಕ ದಾರಿಯಿಲ್ಲ. ಹಿಂದೂಸ್ತಾನಿಗೆ ಭಾತಖಂಡೆಯವರು ರೂಪಿಸಿದ ಲಿಪಿಯಲ್ಲಿ, ಮುಖ್ಯ ಸ್ವರವನ್ನು ಸೋಕಿ ಬರುವ ಕಣಸ್ವರವನ್ನು ಮುಖ್ಯ ಸ್ವರದ ತಲೆಯ ಮೇಲೆ ಸಣ್ಣಕ್ಷರದಲ್ಲಿ ಬರೆಯುತ್ತಾರೆ; ಅದಕ್ಕೆ ಎಷ್ಟು ಕಾಲವೆಂದು ಬರೆಯುವುದಿಲ್ಲ. 1904ರಲ್ಲಿ ಎಟ್ಟಯಪುರದಿಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಹೊರತಂದ ಸುಬ್ಬರಾಮ ದೀಕ್ಷಿತರು ಒಂದೊಂದು ಗಮಕಕ್ಕೂ ಒಂದೊಂದು ಚಿಹ್ನೆ ಹಾಕಿದರು. ಅಂಥ ಮಹತ್ತರ ಶ್ರಮದ ಮುಂದೆಯೂ ವಿದ್ಯಾರ್ಥಿ ಗುರುವಿನ ಬಾಯಿ ನೋಡಬೇಕಾಗುತ್ತದೆ.

ಕಣಸ್ವರ, ಖಟಕಾ, ಮುರ್ಕಿ, ಮೀಂಡ್, ಆಂದೋಲನ. ಹಿಂದೂಸ್ತಾನಿಯ ಈ ಅಲಂಕಾರಗಳು ಒಂದೊಂದೂ ಕಾಲವನ್ನು ಬೇರೆ ಬೇರೆ ಕಡೆಯಿಂದ ಪಡೆಯುತ್ತವೆ. ಕಣ ಮುಖ್ಯ ಸ್ವರದ ಹೊಸ್ತಿಲಲ್ಲೇ ಮುಗಿದುಹೋಗುತ್ತದೆ. ಮೀಂಡ್ ಎರಡು ಸ್ವರಗಳ ನಡುವಿನ ದಾರಿಯನ್ನೇ ತನ್ನ ಮನೆ ಮಾಡಿಕೊಳ್ಳುತ್ತದೆ. ಹೊರಟ ಸ್ವರ ಎಲ್ಲಿ ಮುಗಿಯಿತು, ಸೇರುವ ಸ್ವರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ದರ್ಬಾರಿ ರಾಗದ ಕೋಮಲ ಗಾಂಧಾರ ನಿಧಾನವಾಗಿ ತೂಗುತ್ತದೆ. ಅದೇ ಸ್ವರಗಳ ಅಡಾಣಾದಲ್ಲಿ ಆ ಗಾಂಧಾರಕ್ಕೆ ಅಷ್ಟು ಪುರಸೊತ್ತಿಲ್ಲ, ಮುಟ್ಟಿ ಮುಂದೆ ಸಾಗುತ್ತದೆ. ಸ್ವರಗಳ ಪಟ್ಟಿ ಹೆಚ್ಚು ಕಡಿಮೆ ಒಂದೇ ಇದ್ದರೂ ಒಂದು ರಾಗ ನಡುರಾತ್ರಿಯ ಗಾಂಭೀರ್ಯವಾಗಿ ಇನ್ನೊಂದು ಚುರುಕಾಗುವುದಕ್ಕೆ ಆಂದೋಲನದ ಈ ಗತಿಭೇದ ದೊಡ್ಡ ಕಾರಣ. ಆದ್ದರಿಂದ ಗಮಕವನ್ನು ರಾಗಕ್ಕೆ ಹೊರಗಿನಿಂದ ತೊಡಿಸಿದ ಒಡವೆಯೆಂದು ಕರೆಯುವುದು ತಪ್ಪು.

ಹಾಗೆಂದು ಮನಸ್ಸಿಗೆ ಬಂದಷ್ಟು ಕಾಲ ಎತ್ತಿಕೊಳ್ಳುವಂತಿಲ್ಲ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಹೆಚ್ಚು ನೀರು ಎತ್ತಿಕೊಂಡರೆ ಕೊನೆಭಾಗದ ಹೊಲ ಒಣಗುವುದನ್ನು ಈ ಸೀಮೆಯ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆವರ್ತನದಲ್ಲೂ ಲೆಕ್ಕ ಅದೇ. ಬಂದಿಶಿನ ಮೊದಲ ಮಾತಿನ ಮೇಲೆ ಮೀಂಡನ್ನು ಅತಿಯಾಗಿ ಎಳೆದವನು ಮುಖಡಾ ಹಿಡಿಯುವ ಹೊತ್ತಿಗೆ ಅಕ್ಷರಗಳನ್ನು ನುಂಗುತ್ತಾ ತಾಳದ ಮೊದಲ ಪೆಟ್ಟಾದ ಸಮ್‌ಗೆ ಓಡಬೇಕಾಗುತ್ತದೆ. ನುಂಗಿದ ಅಕ್ಷರ ದೇವರ ಹೆಸರಿನದಾಗಿದ್ದರೆ, ಬುದ್ಧನ ಮೊದಲ ಆಕ್ಷೇಪ ಅಲ್ಲೇ ನಿಜವಾಯಿತು. ಸವಾಯಿ ಗಂಧರ್ವರ ಶಿಷ್ಯ ಭೀಮಸೇನ ಜೋಶಿಯವರ ದಾಸವಾಣಿ ನಾಡಿನ ಮನೆಮನೆಯಲ್ಲಿ ನಿಂತದ್ದಕ್ಕೆ ಕಾರಣ ಅವರ ತಾನಿನ ಬಲವಷ್ಟೇ ಅಲ್ಲ. ಅಷ್ಟು ದೊಡ್ಡ ದನಿ ಪದದ ಮಾತಿಗೆ ಬಂದಾಗ ಅಕ್ಷರವನ್ನು ಇಡಿಯಾಗಿ ಮುಗಿಸಿ, ಉಳಿದ ಸ್ವರದ ಮೇಲೆ ತನ್ನ ಕೆಲಸ ನಡೆಸುತ್ತದೆ. ಮಲ್ಲಿಕಾರ್ಜುನ ಮನಸೂರರ ವಚನಗಳಲ್ಲಿ ಕ್ರಮ ಬೇರೆ: ಜೈಪುರ ಘರಾಣೆಯ ಒಂದಕ್ಕೊಂದು ಹೆಣೆದ ಸ್ವರಗಳು ಮಾತಿನ ಜೊತೆಜೊತೆಗೇ ಹರಿಯುತ್ತವೆ, ಲಯ ಬಿಟ್ಟು ಅರೆಗಳಿಗೆಯೂ ಹೊರಗೆ ನಿಲ್ಲುವುದಿಲ್ಲ. ಇಬ್ಬರಲ್ಲೂ ಗಮಕ ಮಾತನ್ನು ಒಡೆಯುವುದಿಲ್ಲ.

ದೇವರ ಮಾತನ್ನು ಕಿಂಚಿತ್ತೂ ಕದಲಿಸಬಾರದೆಂದು ನಂಬಿದ ಪರಂಪರೆಗಳು ಈ ವಿಷಯದಲ್ಲಿ ಇನ್ನೂ ಬಿಗಿ. ವೇದಪಾಠದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು, ವ್ಯಂಜನಕ್ಕೆ ಅರ್ಧ. ಅಳತೆ ತಪ್ಪಬಾರದೆಂದು ಪಾಣಿನೀಯ ಶಿಕ್ಷೆ ಪ್ರಾಣಿಗಳ ಕೂಗನ್ನೇ ಗುರುತು ಮಾಡಿಟ್ಟಿದೆ: ಚಾಷ ಪಕ್ಷಿಯದು ಒಂದು ಮಾತ್ರೆ, ಕಾಗೆಯದು ಎರಡು, ನವಿಲಿನದು ಮೂರು, ಮುಂಗುಸಿಯದು ಅರ್ಧ. ಋಗ್ವೇದದಲ್ಲಿ ಸ್ವತಂತ್ರ ಸ್ವರಿತದ ಮುಂದೆ ಉದಾತ್ತ ಬಂದರೆ ದನಿ ಕಂಪಿಸಲೇಬೇಕು. ಆ ಜಾಗವನ್ನು ಹ್ರಸ್ವವಾದರೆ 1, ದೀರ್ಘವಾದರೆ 3 ಎಂಬ ಅಂಕಿ ಹಾಕಿ ತೋರಿಸುತ್ತಾರೆ. ಇಲ್ಲಿ ಕಂಪ ಹಾಡುವವನ ಇಷ್ಟವಲ್ಲ, ಕರ್ತವ್ಯ. ಇಸ್ಲಾಮಿನ ಪರಂಪರೆಯೂ ಈ ಸೀಮೆಗೆ ಹೊರಗಿನದಲ್ಲ; ಮೊಹರಂಗೆ ಹೆಸರಾದ ಮುದಗಲ್ಲು ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲೇ. ಕುರಾನ್ ಪಠಣದ ತಜ್ವೀದ್ ಶಾಸ್ತ್ರದಲ್ಲೂ ಸ್ವರ ಎಳೆಯುವ ‘ಮದ್’ಗೆ ಎಣಿಕೆಯಿದೆ, ಸಹಜ ಎಳೆತಕ್ಕೆ ಎರಡು ಎಣಿಕೆ, ಕಡ್ಡಾಯವೆಂದು ವಿಧಿಸಿದ ಒಂದು ಬಗೆಗೆ ಆರು. ದೇವರ ಮಾತಿನ ಹೊರಗೂ ಇಂಥ ಲೆಕ್ಕವಿದೆ. ಯುರೋಪಿನಲ್ಲಿ ಸಂಗೀತಗಾರ ಸಿ.ಪಿ.ಇ. ಬಾಖ್ 1753ರಲ್ಲಿ ಬರೆದ ಕೀಬೋರ್ಡ್ ವಾದನದ ಗ್ರಂಥದಲ್ಲಿ ಅಪೊಜ್ಯತೂರಾ ಎಂಬ ಅಲಂಕಾರ ಸ್ವರ ತನ್ನ ಮುಂದಿನ ಸ್ವರದ ಅರ್ಧ ಕಾಲವನ್ನು ಪಡೆಯಬೇಕೆಂದ. ಮೂರಾಗಿ ಒಡೆಯುವ ಸ್ವರವಾದರೆ ಮೂರರಲ್ಲಿ ಎರಡು ಪಾಲು. ಪೆಟ್ಟು ಬೀಳುವುದು ಅಲಂಕಾರದ ಮೇಲೆ; ಮುಖ್ಯ ಸ್ವರ ಕಾದಿದ್ದು ಆಮೇಲೆ ಬರುತ್ತದೆ. ನಮ್ಮ ಕಣಸ್ವರಕ್ಕೆ ಅಂಥ ಸಲುಗೆಯಿಲ್ಲ.

ಬಿಗಿಯೂ ಅಲ್ಲದ, ಬಿಡುಬೀಸೂ ಅಲ್ಲದ ಒಂದು ದಾರಿಯನ್ನು ಈ ಸೀಮೆಯೇ ತೋರಿಸಿದೆ. ವಿಜಯದಾಸರು ಹುಟ್ಟಿದ ಚೀಕಲಪರವಿ ತುಂಗಭದ್ರೆಯ ದಂಡೆಯದು. ಜಗನ್ನಾಥದಾಸರ ನೆಲೆ ಮಾನ್ವಿ. ಅವರ ಶಿಷ್ಯ ಪ್ರಾಣೇಶದಾಸರು ಲಿಂಗಸುಗೂರಿನವರು. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಕುಮಾರವ್ಯಾಸ ಭಾರತವನ್ನು ಕಾವ್ಯವಾಚನ ಮಾಡುವ ಗಮಕಿಗಳು ಹಾಡುವುದೂ ಅದೇ ಛಂದಸ್ಸಿನಲ್ಲಿ. ಮೂರು ನಾಲ್ಕು ಮೂರು ನಾಲ್ಕೆಂದು ಮಾತ್ರೆಗಳು ನಡೆಯುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಿಗೆ 23. ಆ ಉದ್ದ ಸಾಲುಗಳ ತುದಿಯಲ್ಲಿ ಒಂದು ಗುರು ಒಂಟಿಯಾಗಿ ನಿಲ್ಲುತ್ತದೆ. ಓದುವವರ ದನಿ ಮೊದಲ ಸಾಲುಗಳಲ್ಲಿ ಅರ್ಥ ಹಿಡಿದು ನಡೆದು, ಆ ಒಂಟಿ ಗುರುವಿನ ಮೇಲೆ ಬಂದಾಗ ರಾಗದ ಸಂಚಾರಕ್ಕೆ ಬಿಡುಗಡೆ ಪಡೆಯುತ್ತದೆ. ಕೈಯಲ್ಲಿ ತಾಳವಿಲ್ಲ, ತಬಲಾ ಇಲ್ಲ. ಆದರೂ ಎಲ್ಲಿ ಅಲುಗಬೇಕು ಎಂಬುದು ಪದ್ಯದ ಕಟ್ಟಿನಲ್ಲೇ ಇದೆ. ಕವಿ ಗುರುವನ್ನು ಅಲ್ಲಿ ಇಟ್ಟಿದ್ದರಿಂದ ಗಾಯಕನಿಗೆ ಅವಕಾಶ ದೊರೆತಿದೆ. ಅವನು ಯಾರಿಂದಲೂ ಕಸಿದಿಲ್ಲ.

ಜಗನ್ನಾಥದಾಸರು ಬಾಳಿದ್ದು ಮಧ್ವಮತದಲ್ಲಿ. ಇರುವುದೆಲ್ಲ ಸ್ವತಂತ್ರ ಮತ್ತು ಅಸ್ವತಂತ್ರ ಎಂದು ಎರಡೇ ಬಗೆ ಎಂದು ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಹೇಳುತ್ತಾರೆ. ಹರಿಯೊಬ್ಬ ಸ್ವತಂತ್ರ, ಉಳಿದದ್ದೆಲ್ಲ ಸತ್ಯವಾದರೂ ಅವನ ಅಧೀನ. ಶಾರ್ಙ್ಗದೇವ ಸ್ವರವನ್ನು ತಾನಾಗಿಯೇ ರಂಜಿಸುವ ನಾದವೆಂದು ಕರೆದಿದ್ದಾನೆ. ಗಮಕಕ್ಕೆ ಆ ಸ್ವಾತಂತ್ರ್ಯವಿಲ್ಲ, ಅಲುಗುವುದಕ್ಕೆ ಒಂದು ಸ್ವರ ಬೇಕು. ಈ ಎರಡನ್ನು ಎದುರುಬದುರಾಗಿ ಇಟ್ಟರೆ ಮೊದಲ ಪ್ರಶ್ನೆ ಸ್ವಲ್ಪ ತಿಳಿಯಾಗುತ್ತದೆ. ಗಮಕ ಸುಳ್ಳಲ್ಲ, ಮಾಯೆಯಲ್ಲ, ಅಳಿಸಿಹಾಕಬೇಕಾದ ದೋಷವೂ ಅಲ್ಲ. ಅದು ನಿಜವಾಗಿ ಇದೆ, ಇನ್ನೊಂದರ ಆಶ್ರಯದಲ್ಲಿ ಇದೆ. ತಪ್ಪಾಗುವುದು ಅದು ಸ್ವತಂತ್ರನಂತೆ ನಡೆದುಕೊಂಡಾಗ, ತನಗೆಂದೇ ಕಾಲ ಬೇಡಿದಾಗ. ವೀರಶೈವರ ಶಕ್ತಿವಿಶಿಷ್ಟಾದ್ವೈತದಿಂದ ನೋಡುವವರು ಇದಕ್ಕೂ ಮುಂದೆ ಹೋಗಿ, ಲಿಂಗವನ್ನೂ ಶಕ್ತಿಯನ್ನೂ ಬಿಡಿಸಲಾಗದಂತೆ ಸ್ವರವನ್ನೂ ಅದರ ಕಂಪವನ್ನೂ ಬಿಡಿಸಲಾಗದು ಎಂದಾರು. ತೋಡಿಯ ಗಾಂಧಾರ ಅವರ ಪರವಾಗಿ ಸಾಕ್ಷಿ ಹೇಳುತ್ತದೆ. ಜಂಟಿ ವರಸೆಯ ರಿಷಭ ಮಧ್ವರ ಪರ. ಎರಡೂ ಸಾಕ್ಷಿಗಳನ್ನು ಒಪ್ಪಿಕೊಂಡೇ ಹಾಡಬೇಕಾಗಿದೆ. ರಾಗದ ರೂಪದಲ್ಲಿ ಗಮಕ ಸ್ವರದಿಂದ ಬೇರೆಯಲ್ಲ. ಕಾಲದ ಲೆಕ್ಕದಲ್ಲಿ ಅದು ಸ್ವರದ ಅಧೀನ.

ಬಂಗಾಳದ ಕೀರ್ತನೆ ಈ ಅಧೀನತೆಯನ್ನು ಇನ್ನೊಂದು ತೆರನಾಗಿ ಅರ್ಥಮಾಡಿಕೊಂಡಿದೆ. ಚೈತನ್ಯರು (1486–1534) ಪುರಂದರದಾಸರ ಸಮಕಾಲೀನರು. ದಕ್ಷಿಣ ಯಾತ್ರೆಯಲ್ಲಿ ಅವರು ಉಡುಪಿಗೆ ಬಂದು ಮಧ್ವರ ಅನುಯಾಯಿಗಳೊಡನೆ ಚರ್ಚಿಸಿದರೆಂದು ‘ಚೈತನ್ಯ ಚರಿತಾಮೃತ’ ಹೇಳುತ್ತದೆ. ಅವರ ನಂತರದ ತಲೆಮಾರಿನಲ್ಲಿ ನರೋತ್ತಮದಾಸರು ಖೇತುರಿಯ ಮಹೋತ್ಸವದಲ್ಲಿ ಪದಾವಳಿ ಕೀರ್ತನೆಗೆ ಶಾಸ್ತ್ರೀಯ ಚೌಕಟ್ಟು ಕೊಟ್ಟರು. ಅದರ ತಾಳಗಳು ಬಲು ದೀರ್ಘ, ಲಯ ಬಲು ವಿಳಂಬ. ಆ ವಿಸ್ತಾರದಲ್ಲಿ ಸ್ವರ ಮಾತ್ರವಲ್ಲ, ಮಾತೂ ಅಲಂಕಾರವಾಗುತ್ತದೆ. ಮುಖ್ಯ ಗಾಯಕ ಕವಿಯ ಸಾಲನ್ನು ಹಾಡಿ, ಅದರ ಭಾವ ಬಿಚ್ಚಲು ತನ್ನದೇ ತಿಳಿಗನ್ನಡಿಯಂಥ ಮಾತುಗಳನ್ನು ನಡುವೆ ಸೇರಿಸುತ್ತಾನೆ. ಅವಕ್ಕೆ ‘ಆಖರ್’ ಎಂದು ಹೆಸರು. ಹಿಮ್ಮೇಳದವರು ಅದನ್ನೇ ಎತ್ತಿಕೊಳ್ಳುತ್ತಾರೆ, ಖೋಲ್ ತನ್ನ ಆವರ್ತನ ಬಿಡದೆ ಸಾಗುತ್ತದೆ, ಆಖರ್ ಮೇಲೆ ಆಖರ್ ಬಂದು ಕೊನೆಗೆ ಕವಿಯ ಸಾಲಿಗೇ ಮರಳಬೇಕು. ಒಬ್ಬ ಭಕ್ತ ಹಾಡಿನ ಒಳಗೆ ನಿಂತು ಹಾಡಿನ ಅರ್ಥ ಹೇಳುವ ರೀತಿ ಇದು. ಸೇರಿಸಿದ ಮಾತು ಎಷ್ಟೇ ಚೆನ್ನಾಗಿದ್ದರೂ ಪದದ ಸಾಲು ಮರಳಿ ಬಂದ ಕ್ಷಣ ಅದು ಸರಿದು ನಿಲ್ಲುತ್ತದೆ.

ಈಗಿನ ಕಷ್ಟಗಳು ಬೇರೆ. ಹಾರ್ಮೋನಿಯಂ ಪೆಟ್ಟಿಗೆಗೆ ಮೀಂಡ್ ಬಾರದು, ಮನೆಯಿಂದ ಮನೆಗೆ ಜಿಗಿಯುತ್ತದೆ. ಇಂಥ ಕಾರಣಗಳಿಗಾಗಿ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ನಿರ್ಬಂಧ ಸಡಿಲಗೊಂಡದ್ದು 1970ರ ದಶಕದಲ್ಲಿ. ಭಜನಾ ಮಂಡಳಿಗಳು ಮಾತ್ರ ಪೆಟ್ಟಿಗೆಯನ್ನು ಯಾವತ್ತೂ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಪೆಟ್ಟಿಗೆ ನಿಂತ ಸ್ವರ ಕೊಟ್ಟರೆ ಕಂಠ ಅದರ ಸುತ್ತ ಅಲುಗಬಹುದು. ನಿಜವಾದ ಹಾನಿ ಆಗುತ್ತಿರುವುದು ಧ್ವನಿವರ್ಧಕದ ‘ಎಕೋ’ದಿಂದ. ಹಳ್ಳಿಯ ಗುಡಿಗಳಲ್ಲಿ ಮಿಕ್ಸರಿನ ಆ ತಿರುಗಣಿಯನ್ನು ತುದಿಗೆ ತಿರುಗಿಸಿಟ್ಟರೆ ಹಿಂದಿನ ಸ್ವರ ಸಾಯುವ ಮೊದಲೇ ಮುಂದಿನದು ಅದರ ಮೇಲೆ ಬೀಳುತ್ತದೆ. ತಿರಿಪದಷ್ಟು ಸಣ್ಣ ಗಮಕ ಅಲ್ಲಿ ಕೇಳಿಸುವುದೇ ಇಲ್ಲ, ಮುರ್ಕಿ ಕಲಸಿಹೋಗುತ್ತದೆ. ಕೇಳಿಸದ್ದನ್ನು ಹಾಡುವವರು ಮೆಲ್ಲಗೆ ಕೈಬಿಡುತ್ತಾರೆ. ಮಕ್ಕಳು ಆ ಯಂತ್ರದ ಮಾರ್ದನಿಯನ್ನೇ ಗಮಕವೆಂದು ತಿಳಿದು ಬೆಳೆಯುತ್ತಾರೆ. ಎಕೋ ಆರಿಸಿ ಒಂದು ಸಂಜೆ ಭಜನೆ ಮಾಡಿ ನೋಡಿದರೆ ಸಾಕು, ಯಾರ ಸ್ವರ ನಿಲ್ಲುತ್ತದೆ, ಯಾರದು ತೇಲುತ್ತದೆ ಎಂಬುದು ಮಂಡಳಿಯವರಿಗೇ ಗೊತ್ತಾಗುತ್ತದೆ.

ಗಮಕವನ್ನು ಬಿಟ್ಟುಕೊಡುವುದಕ್ಕೂ ಒಂದು ಸರಿಯಾದ ಹೊತ್ತಿದೆ. ನಾಮಕೀರ್ತನೆ ಶುರುವಾಗುವುದು ನಿಧಾನದಲ್ಲಿ; ಹೆಸರಿನ ಮೇಲೆ ಮೀಂಡ್ ಎಳೆಯಲು, ಸ್ವರ ತೂಗಲು ಆಗ ಬೇಕಾದಷ್ಟು ಜಾಗ. ಕರತಾಳ ಬಿರುಸಾದಂತೆ ಮೊದಲು ಮೀಂಡ್ ಹೋಗುತ್ತದೆ, ಆಮೇಲೆ ಆಂದೋಲನ. ಲಯ ದುಗುಣಕ್ಕೆ ಏರಿದಾಗ ಅಲ್ಲೊಂದು ಇಲ್ಲೊಂದು ಖಟಕಾ ಉಳಿದಿರುತ್ತದೆ, ಅದೂ ಹೋಗುತ್ತದೆ. 19ನೇ ಶತಮಾನದಲ್ಲಿ ಹರಿಚಾಂದ ಠಾಕೂರರು (1812–1878) ನಾಮಶೂದ್ರರ ನಡುವೆ ಕಟ್ಟಿದ ಮತುವಾ ಪಂಥದಲ್ಲಂತೂ ಡಂಕಾ ಕಂಸಾಳೆಗಳ ಅಬ್ಬರ ಸೇರಿ ಹಾಡಿಕೆ ಕುಣಿತವೇ ಆಗುತ್ತದೆ. ಆ ಹೊತ್ತಿಗೆ ಯಾರ ಕಂಠ ಒಳ್ಳೆಯದು, ಯಾರದು ಒರಟು ಎಂಬ ಭೇದ ಉಳಿಯದು. ಒಬ್ಬರಿಂದೊಬ್ಬರನ್ನು ಬೇರ್ಪಡಿಸುತ್ತಿದ್ದ ಸೂಕ್ಷ್ಮಗಳೆಲ್ಲ ಲಯಕ್ಕೆ ಸಂದಿರುತ್ತವೆ. ಬುದ್ಧ ಆಜ್ಞೆಯಿಂದ ತೆಗೆಸಿದ್ದನ್ನು ಇಲ್ಲಿ ವೇಗವೇ ತೆಗೆಸುತ್ತದೆ. ಯಾರೂ ವ್ರತ ತೊಡಬೇಕಾಗಿಲ್ಲ. ಏರಿಕೆ ತುದಿ ಮುಟ್ಟಿ ತಾಳ ನಿಂತ ಮೇಲೆ ಮುಖ್ಯ ಗಾಯಕ ಮುಂದಿನ ಪದವನ್ನು ಮತ್ತೆ ವಿಳಂಬದಲ್ಲಿ ಎತ್ತಿಕೊಳ್ಳುತ್ತಾನೆ, ಮೊದಲ ಅಕ್ಷರದ ಮೇಲೆಯೇ ಮೀಂಡ್ ಹಾಕುತ್ತಾನೆ.